ಲೈಲ್ ಕೊಹೌಟನ ಇನ್ನೊಂದು ಮಾತು

ಲೈಲ್ ಕೊಹೌಟ್ ನೆಮ್ಮದಿಯಾಗಿ ಕೂತದ್ದನ್ನು ಕಂಡವರು ನಮ್ಮ ಲಿಂಡಾಲ್ ಊರಿನಲ್ಲಿ ಯಾರೂ ಇಲ್ಲ. ಭಾನುವಾರ ಚರ್ಚಿನಲ್ಲೂ ಅವನು ಹಿಂದಿನ ಬಾಗಿಲ ಬಳಿ ಗೋಡೆಗೆ ಒರಗಿ ನಿಂತೇ ಪ್ರವಚನ ಕೇಳುತ್ತಿದ್ದ. ಅದೂ ಪೂರ್ತಿ ಅಲ್ಲ, ನಡುವೆ ಎರಡು ಸಲ ಹೊರಗೆ ಹೋಗಿ ಆಕಾಶ ನೋಡಿ ಬರುತ್ತಿದ್ದ. ಮಳೆ ಬಂದರೆ ಮೈದಾನಕ್ಕೆ ಹೊದಿಕೆ ಎಳೆಯಬೇಕಲ್ಲ ಎನ್ನುವುದು ಅವನ ನೆಪ. ಜನವರಿಯಲ್ಲಿ ಮೈದಾನದ ಮೇಲೆ ಮೊಣಕಾಲುದ್ದ ಹಿಮ ಬಿದ್ದಿರುವಾಗಲೂ ಹೋಗಿ ನೋಡುತ್ತಿದ್ದ ಎಂದರೆ ಆ ನೆಪವನ್ನು ಎಷ್ಟು ನಂಬಬೇಕೋ ನೀವೇ ಹೇಳಿ. ಪಾದ್ರಿ ಮೊದಮೊದಲು ಬೇಸರಪಟ್ಟುಕೊಂಡರು, ಆಮೇಲೆ ಇವನ ಹಣೆಬರಹವೇ ಇಷ್ಟು ಎಂದು ಬಿಟ್ಟುಬಿಟ್ಟರು.

ಅದಕ್ಕಿಂತ ದೊಡ್ಡ ಕಾಟ ಅವನ ‘ಇನ್ನೊಂದು ಮಾತು’. ಹೇಳಬೇಕಾದ್ದನ್ನೆಲ್ಲ ಹೇಳಿ, ಟೋಪಿ ಹಾಕಿಕೊಂಡು, ಬಾಗಿಲು ದಾಟಿ, ಟ್ರಕ್ಕಿನ ಕೀಲಿ ತಿರುಗಿಸಿದ ಮೇಲೂ ಇಳಿದು ವಾಪಸ್ಸು ಬರುತ್ತಿದ್ದ. ಹೊಸದೇನೂ ಇರುತ್ತಿರಲಿಲ್ಲ. ಆಗಲೇ ಹೇಳಿದ್ದಕ್ಕೆ ಬೇರೆ ಅಂಗಿ ತೊಡಿಸಿ ಮತ್ತೆ ಹೇಳುತ್ತಿದ್ದ. ಅವನ ಹೆಂಡತಿ ಮಾರ್ಲಿಸ್ ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸುವವಳು. ಗಂಡನ ಫೋನ್ ಬಂದರೆ ಮಾತು ಮುಗಿದ ಮೇಲೂ ಅವಳು ಫೋನನ್ನು ಕೆಳಗಿಡುತ್ತಿರಲಿಲ್ಲ, ಕೈಯಲ್ಲೇ ಹಿಡಿದು ನಿಂತಿರುತ್ತಿದ್ದಳು. ಎರಡನೆಯದು ಬಂದೇ ಬರುತ್ತದೆಂದು ಗೊತ್ತಲ್ಲ.

ಇಂಥವನು ಇಪ್ಪತ್ತನಾಲ್ಕು ವರ್ಷ ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡದ ಹೆಡ್ ಕೋಚ್ ಆಗಿದ್ದ.

ಹುಟ್ಟಿದ್ದು ನೆಬ್ರಾಸ್ಕಾದ ಜೋಳದ ಸೀಮೆಯಲ್ಲಿ, ಜೆಕ್ ಜನರ ಒಂದು ಹಳ್ಳಿಯಲ್ಲಿ. ಅಪ್ಪ ಧಾನ್ಯದ ಗೋದಾಮಿನಲ್ಲಿ ಲಾರಿಗಳನ್ನು ತೂಗುವ ಕೆಲಸದಲ್ಲಿದ್ದ. ಲೈಲ್ ಕಾಲೇಜಿಗೆ ಸೇರಿದ್ದೇ ಆಡುವುದಕ್ಕೆ. ಆಡಿದ ಕೂಡ, ಚೆನ್ನಾಗಿಯೇ ಆಡಿದ, ಎರಡನೇ ವರ್ಷ ಬೇಸ್ ಮುಟ್ಟಲು ನೆಲದ ಮೇಲೆ ಜಾರುವಾಗ ಮಂಡಿ ತಿರುಚಿ ಹೋಗುವ ತನಕ. ಅಲ್ಲಿಗೆ ಆಡುವವನ ಬದುಕು ಮುಗಿಯಿತು. ಆಡಿಸುವವನ ಬದುಕು ಶುರುವಾಯಿತು, ಮತ್ತು ಆ ಬದುಕು ಅವನನ್ನು ಚೆನ್ನಾಗಿ ಅಲೆಸಿತು.

ಹನ್ನೊಂದು ವರ್ಷದಲ್ಲಿ ಏಳು ಊರು. ಒಕ್ಲಹೋಮಾದಲ್ಲಿ ಬ್ಯಾಟು ಚೆಂಡು ಇಡುವ ಕೋಣೆಯಲ್ಲೇ ಮಂಚ ಹಾಕಿಕೊಂಡು ಒಂದು ಚಳಿಗಾಲ ಕಳೆದ. ಮಿನೆಸೋಟಾದಲ್ಲಿ ಅವನ ಮೇಲಿನವನು ಇವನಿಗೆ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟಗೊಡಲಿಲ್ಲ. ಅಸಿಸ್ಟೆಂಟ್ ಕೋಚ್ ಎಂಬ ಪ್ರಾಣಿಯ ಪಾಡೇ ಹಾಗೆ. ಮೇಲಿನವನ ಕೆಲಸ ಹೋದರೆ ಇವನದೂ ಹೋಯಿತು. ಮೇಲಿನವನಿಗೆ ದೊಡ್ಡ ಕಾಲೇಜು ಸಿಕ್ಕರೆ ಇವನ ಹೆಸರೇ ಅವನಿಗೆ ಮರೆತುಹೋಯಿತು. ಪ್ರತಿ ಜೂನ್ ತಿಂಗಳಲ್ಲೂ ಬಾಡಿಗೆ ಟ್ರಕ್ಕು, ಅದರೊಳಗೆ ಮಾರ್ಲಿಸಳ ಪಿಯಾನೊ, ಪಿಯಾನೊ ಅಲುಗದಂತೆ ಸುತ್ತಲೂ ಹಾಸಿಗೆ. ಮಗಳು ಜೋಲೀನ್ ಒಂದನೇ ತರಗತಿಯನ್ನು ಮೂರು ಶಾಲೆಗಳಲ್ಲಿ ಓದಿದಳು. ‘ನಿನ್ನ ಕಾಲಿಗೆ ಚಕ್ರ ಕಟ್ಟಿದಾರೆ ಸರಿ, ಅದಕ್ಕೆ ನನ್ನ ಪಿಯಾನೋನ ಯಾಕೆ ಕಟ್ತೀಯ?’ ಎಂದು ಮಾರ್ಲಿಸ್ ಒಮ್ಮೆ ದಕ್ಷಿಣ ಡಕೋಟಾದ ಪೆಟ್ರೋಲ್ ಬಂಕಿನಲ್ಲಿ ನಿಂತು ಬೈದಿದ್ದಳಂತೆ. ಅದನ್ನು ಅವನೇ ನಗುತ್ತಾ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಅವಳು ಮಾತ್ರ ಆ ಕಥೆಗೆ ನಗುತ್ತಿರಲಿಲ್ಲ.

ಮೂವತ್ತೊಂಬತ್ತನೇ ವಯಸ್ಸಿಗೆ ಲಿಂಡಾಲಿಗೆ ಬಂದ. ಹೆಡ್ ಕೋಚ್ ಎಂದರೆ ದೊಡ್ಡ ಹೆಸರು, ನಿಜ. ಆದರೆ ನಮ್ಮಂಥ ಪುಟ್ಟ ಲುಥೆರನ್ ಚರ್ಚಿನ ಕಾಲೇಜಿನಲ್ಲಿ ಹುಲ್ಲು ಕತ್ತರಿಸುವವನೂ ಅವನೇ, ಸುಣ್ಣದ ಗೆರೆ ಎಳೆಯುವವನೂ ಅವನೇ, ಹುಡುಗರ ಬೆವರಿನ ಬಟ್ಟೆ ಒಗೆಯುವ ಯಂತ್ರಕ್ಕೆ ಸೋಪು ಹಾಕುವವನೂ ಅವನೇ. ಮೊದಲ ವರ್ಷ ನಲವತ್ತು ಪಂದ್ಯ ಆಡಿ ಆರು ಗೆದ್ದರು. ಗೋಧಿ ಸಹಕಾರ ಸಂಘದ ಕಾಫಿ ಮೇಜಿನ ಸುತ್ತ ಕೂತಿದ್ದ ನಮ್ಮ ಮುದುಕರು ಆ ಆರನ್ನು ಹೇಗೆ ಗೆದ್ದರು ಎಂಬುದೇ ಆಶ್ಚರ್ಯ ಎಂದರು.

ಲಿಂಡಾಲಿನಲ್ಲಿ ಎರಡು ವರ್ಷ ಇದ್ದು ಮೇಲೆ ಹತ್ತುವುದು ಅವನ ಲೆಕ್ಕ. ವರ್ಷ ವರ್ಷವೂ ಜೂನ್ ಬಂತೆಂದರೆ ಎಲ್ಲಿ ಯಾವ ಕಾಲೇಜಿನ ಜಾಗ ಖಾಲಿ ಎಂದು ಹುಡುಕುತ್ತಿದ್ದ, ಅರ್ಜಿ ಹಾಕುತ್ತಿದ್ದ, ಇದ್ದ ಒಂದೇ ಕೋಟನ್ನು ಇಸ್ತ್ರಿ ಮಾಡಿಸಿ ಸಂದರ್ಶನಕ್ಕೆ ಹೋಗುತ್ತಿದ್ದ. ಆರನೇ ವರ್ಷ ಮಿಸೌರಿಯ ಒಂದು ದೊಡ್ಡ ಕಾಲೇಜು ಬಾ ಎಂದಿತು. ಮಾರ್ಲಿಸ್ ಆಗ ಒಂದೇ ಮಾತು ಹೇಳಿದಳು, ನೀನು ಹೋಗು, ನಾನು ಪಿಯಾನೊ ಜೊತೆ ಇಲ್ಲೇ ಇರುತ್ತೇನೆ ಎಂದು. ಮೂರು ದಿನ ಮನೆಯ ಸುತ್ತ ತಿರುಗಿ ತಿರುಗಿ ಹುಲ್ಲಿನಲ್ಲಿ ದಾರಿ ಮಾಡಿದ ಅವನು ನಾಲ್ಕನೇ ದಿನ ಮಿಸೌರಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಆಮೇಲೆ ಅರ್ಧ ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿ ಬರುವುದಿಲ್ಲ ಎಂದ.

ಊರು ಬಿಡುವ ಆಸೆ ಸತ್ತ ಮೇಲೆ ಇನ್ನೊಂದು ಹುಟ್ಟಿತು. ಲೀಗಿನ ಕಪ್ ಒಂದು ಸಲ, ಒಂದೇ ಒಂದು ಸಲ ಗೆಲ್ಲಬೇಕು, ಗೆದ್ದು ರಾಷ್ಟ್ರೀಯ ಪಂದ್ಯಾವಳಿಗೆ ಹುಡುಗರನ್ನು ಕರೆದೊಯ್ಯಬೇಕು. ಲಿಂಡಾಲ್ ಕಾಲೇಜು ಯಾವತ್ತೂ ಅಲ್ಲಿಗೆ ಹೋದದ್ದಿಲ್ಲ. ನಾಲ್ಕು ಸಲ ಫೈನಲ್ ತನಕ ಬಂದು ನಾಲ್ಕು ಸಲವೂ ಸೋತ. ಒಂದು ಸಲ ಗಾಳಿ ಕೆಡಿಸಿತು. ಒಂದು ಸಲ ಅವನದೇ ತಂಡದ ಹುಡುಗ ಅಂಗೈಗೆ ಬಂದ ಚೆಂಡನ್ನು ಕೈಬಿಟ್ಟ. ಉಳಿದೆರಡು ಸಲ ಎದುರಿನವರು ನಿಜಕ್ಕೂ ಚೆನ್ನಾಗಿ ಆಡಿದರು, ಅದನ್ನು ಒಪ್ಪಿಕೊಳ್ಳಲು ಅವನಿಗೆ ಒಂದೊಂದು ವರ್ಷ ಬೇಕಾಯಿತು. ಅರವತ್ತಮೂರಕ್ಕೆ ಬಂದಾಗ ಮಂಡಿ ಪೂರ್ತಿ ಕೈಕೊಟ್ಟಿತ್ತು. ಈ ಸೀಸನ್ನೇ ಕೊನೆ ಎಂದು ಕಾಲೇಜಿಗೆ ಪತ್ರ ಬರೆದುಕೊಟ್ಟ. ಪತ್ರ ಕೊಟ್ಟ ಮೇಲೆ ತಿರುಗಿ ಹೋಗಿ ಇನ್ನೊಂದು ಸಾಲು ಸೇರಿಸಿ ಬಂದನೆಂದು ಕಚೇರಿಯವರು ಹೇಳುತ್ತಾರೆ. ಸುಳ್ಳಿರಲಾರದು.

ಆ ಕೊನೆಯ ಸೀಸನ್ನಿಗೆ ಅವನ ಬಳಿ ಆರ್ಲೋ ರೆಂಪೆಲ್ ಇದ್ದ.

ಆರ್ಲೋ ಪಿಚರ್, ಅಂದರೆ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವನು. ಬೇಸ್‌ಬಾಲಿನಲ್ಲಿ ಅವನು ಕೈಕೊಟ್ಟರೆ ಉಳಿದ ಎಂಟು ಜನ ಏನು ಮಾಡಿದರೂ ಅಷ್ಟೆ. ಮೆನೊನೈಟ್ ಎಂಬ ಕ್ರೈಸ್ತ ಪಂಗಡದ, ಹಂದಿ ಸಾಕುವ ಮನೆತನದ ಹುಡುಗ, ಉದ್ದ ಕೈ, ಮಾತು ಕಡಿಮೆ. ನಾಲ್ಕು ವರ್ಷದ ಹಿಂದೆ ಅವನನ್ನು ಕಾಲೇಜಿಗೆ ಕರೆಯಲು ಲೈಲ್ ಅವರ ಮನೆಗೆ ಹೋಗಿದ್ದ. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ, ಅಮ್ಮ ಚೆರ್ರಿ ಹಣ್ಣಿನ ಪೈ ಬಡಿಸಿದಳು. ಲೈಲ್ ನಿಂತುಕೊಂಡೇ ತಿಂದ. ಹೊರಟು ಟ್ರಕ್ಕಿನ ತನಕ ಹೋಗಿ ವಾಪಸ್ಸು ಬಂದು, ನಿನ್ನ ಎಡಗಾಲು ಬೇಗ ನೆಲಕ್ಕೆ ಬೀಳುತ್ತದೆ ಎಂದ. ಮತ್ತೆ ಹೋಗಿ ಮತ್ತೆ ಬಂದು, ಮೊಣಕೈ ಇಳಿಯುತ್ತದೆ ಎಂದ. ಮೂರನೇ ಸಲ ಬಂದಾಗ ಅಮ್ಮ ಇನ್ನೊಂದು ತುಂಡು ಪೈ ಕಟ್ಟಿಯೇ ಬಾಗಿಲಲ್ಲಿ ನಿಂತಿದ್ದಳು. ಹುಡುಗನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವ ಮನುಷ್ಯ ಕೆಟ್ಟವನಿರಲಾರ ಎಂದು ಅವಳಿಗೆ ಅನಿಸಿತಂತೆ. ಹೀಗೆ ಆರ್ಲೋ ಲಿಂಡಾಲಿಗೆ ಬಂದ.

ತಲೆಕೆಡಿಸಿಕೊಂಡದ್ದು ನಿಜ. ಆದರೆ ನಾಲ್ಕು ವರ್ಷದಲ್ಲಿ ಒಂದು ದಿನವೂ ‘ಭೇಷ್’ ಎಂದವನಲ್ಲ. ಅವನ ಇನ್ನೊಂದು ಮಾತು ಯಾವಾಗಲೂ ತಿದ್ದುಪಡಿಯೇ. ಹತ್ತು ಜನರನ್ನು ಔಟ್ ಮಾಡಿ ಬಂದ ದಿನವೂ ಹನ್ನೊಂದನೆಯವನಿಗೆ ಹಾಕಿದ ಚೆಂಡಿನ ವಿಚಾರ. ಹೊಗಳಿದರೆ ಹುಡುಗ ಅಲ್ಲೇ ನಿಂತುಬಿಡುತ್ತಾನೆ ಎಂಬ ಹೆದರಿಕೆ ಅವನಿಗೆ. ನಿಲ್ಲುವುದೆಂದರೆ ಅವನ ಪಾಲಿಗೆ ಸಾವೇ. ಆರ್ಲೋ ತಲೆಯಾಡಿಸಿ, ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ಹನ್ನೊಂದನೇ ಚೆಂಡನ್ನು ನೂರು ಸಲ ಎಸೆಯುತ್ತಿದ್ದ. ಅವನ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಐದನೇ ಫೈನಲ್ ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ. ಅಷ್ಟು ದೂರವೂ ಲೈಲ್ ಚಾಲಕನ ಪಕ್ಕದ ಕಂಬ ಹಿಡಿದು ನಿಂತೇ ಇದ್ದ. ಮಾರ್ಲಿಸ್ ಬರಲಿಲ್ಲ. ಅವಳು ಫೈನಲ್‌ಗಳಿಗೆ ಬರುವುದನ್ನು ಮೂರನೆಯದರ ನಂತರ ಬಿಟ್ಟಿದ್ದಳು. ಗೆದ್ದರೆ ಫೋನ್ ಮಾಡು, ಸೋತರೆ ಮನೆಗೆ ಬಾ ಎಂದಿದ್ದಳು.

ಆರ್ಲೋ ಆ ದಿನ ಎಸೆದ ಹಾಗೆ ನಮ್ಮ ಕಾಲೇಜಿನಲ್ಲಿ ಯಾರೂ ಎಸೆದದ್ದಿಲ್ಲ. ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ನಮ್ಮ ಸರದಿ ಮುಗಿದಾಗ ನಾವು ಮೂರು, ಅವರು ಎರಡು. ಇನ್ನು ಅವರದೊಂದು ಸರದಿ ಬಾಕಿ. ಮೂರು ಜನ ಔಟಾದರೆ ಕಪ್ ನಮ್ಮದು, ಇಪ್ಪತ್ತನಾಲ್ಕು ವರ್ಷದ ತಳಮಳಕ್ಕೆ ಒಂದು ಅರ್ಥ. ಲೈಲ್‌ನ ಹೊಟ್ಟೆಯಲ್ಲಿ ಬೆಳಗಿನಿಂದ ಅನ್ನ ನೀರು ಇಲ್ಲ. ಆಟಗಾರರು ಕೂರುವ ಡಗೌಟಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಹುಡುಗರು ಉಗುಳಿದ ಸೂರ್ಯಕಾಂತಿ ಬೀಜದ ಸಿಪ್ಪೆ ಅವನ ಬೂಟಿನ ಕೆಳಗೆ ಕರಕರ ಅನ್ನುತ್ತಿತ್ತು.

ಇಲ್ಲಿ ಆಟದ ಒಂದು ನಿಯಮ ಹೇಳಿಬಿಡಬೇಕು. ಪಿಚರ್ ಜೊತೆ ಮಾತಾಡಲು ಕೋಚ್ ದಿಬ್ಬದ ತನಕ ಹೋಗಬಹುದು. ಆದರೆ ಒಂದು ಇನ್ನಿಂಗ್ಸ್‌ನಲ್ಲಿ ಒಂದೇ ಸಲ. ಸುಣ್ಣದ ಗೆರೆ ದಾಟಿ ಈಚೆ ಬಂದನೋ, ಭೇಟಿ ಮುಗಿಯಿತು. ಮತ್ತೆ ಗೆರೆ ದಾಟಿ ಒಳಗೆ ಹೋದರೆ ಅದು ಎರಡನೆಯದು, ಆಗ ಆ ಪಿಚರ್ ಇಳಿಯಲೇಬೇಕು, ಬೇರೆಯವನು ಬರಬೇಕು. ಇದನ್ನು ಲೈಲ್‌ಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ಹೊಸ ಹುಡುಗರಿಗೆ ಕರಿಹಲಗೆಯ ಮೇಲೆ ಬರೆದು ಪಾಠ ಮಾಡುತ್ತಿದ್ದವನೇ ಅವನು. ಆದರೂ ತನ್ನ ಕಾಲನ್ನು ತಾನೇ ನಂಬುವಂತಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅವನ ಅಸಿಸ್ಟೆಂಟ್ ಡ್ವೈಟ್ ಎಂಬ ದಪ್ಪ, ಸಮಾಧಾನದ ಮನುಷ್ಯನಿಗೆ ಒಂದು ಕೆಲಸ ಒಪ್ಪಿಸಿದ್ದ. ಕೋಚ್ ದಿಬ್ಬದಿಂದ ಬಂದ ಕೂಡಲೇ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುವುದು, ಇನ್ನಿಂಗ್ಸ್ ಮುಗಿಯುವ ತನಕ ಬಿಡದೇ ಇರುವುದು. ಒಂಬತ್ತು ವರ್ಷದಿಂದ ಡ್ವೈಟ್ ಅದನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದ. ಎದುರಾಳಿ ತಂಡದವರು ನಗುತ್ತಿದ್ದರು, ನಗಲಿ.

ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮೊದಲನೆಯವನು ಔಟಾದ. ಎರಡನೆಯವನು ಹೊಡೆದು ಮೊದಲ ಬೇಸ್ ಮುಟ್ಟಿದ. ಮೂರನೆಯವನಿಗೆ ಆರ್ಲೋ ಹಾಕಿದ ನಾಲ್ಕು ಚೆಂಡುಗಳು ಕೂದಲೆಳೆಯಷ್ಟು ಆಚೀಚೆ ಹೋಗಿ, ಅವನಿಗೂ ಪುಕ್ಕಟೆ ಬೇಸ್ ಸಿಕ್ಕಿತು. ಬೇಸಿನಲ್ಲಿ ಇಬ್ಬರು, ಔಟಾದವನು ಒಬ್ಬ. ಲೈಲ್ ಮುಂಜಾಗ್ರತೆಗೆಂದು ಡ್ವೈಟ್‌ನನ್ನು ಬೇಲಿಯಾಚೆಗೆ ಓಡಿಸಿದ, ಶೇನ್ ಪಿಕೆಟ್ ಎಂಬ ಮೊದಲ ವರ್ಷದ ಹುಡುಗನಿಗೆ ಕೈ ಬೆಚ್ಚಗೆ ಮಾಡಿಸು ಎಂದು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ, ಏನು ಮಾಡುವುದು!

ಆಮೇಲೆ ದಿಬ್ಬಕ್ಕೆ ಹೋದ. ಗೆರೆಯನ್ನು ತುಳಿಯಬಾರದೆಂಬ ನಂಬಿಕೆ ಎಲ್ಲ ಆಟಗಾರರಿಗೂ ಇರುವಂತೆ ಅವನಿಗೂ ಇತ್ತು, ಕುಂಟುಗಾಲಿನಲ್ಲೇ ಹಾರಿ ದಾಟಿದ. ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಎಫ್ರೇನ್ ಮೋಟಾ ಕೂಡ ಮುಖವಾಡ ಎತ್ತಿಕೊಂಡು ಬಂದು ನಿಂತ. ಕೈ ಹೇಗಿದೆ ಎಂದು ಲೈಲ್ ಕೇಳಿದ. ಚೆನ್ನಾಗಿದೆ ಎಂದ ಆರ್ಲೋ. ಮುಂದೆ ಬರುವವನು ಮೈಗೆ ಹತ್ತಿರದ ಚೆಂಡಿಗೆ ಆಸೆ ಪಡುವವನು, ದೂರವೇ ಹಾಕು ಎಂದ ಲೈಲ್. ಸರಿ ಎಂದ ಆರ್ಲೋ. ಅಷ್ಟೇ ಆಗಬೇಕಾಗಿದ್ದದ್ದು. ಮೂವರೂ ತಲೆಯಾಡಿಸಿದರು. ಲೈಲ್ ಹುಡುಗನ ಬೆನ್ನು ತಟ್ಟಿ ಹಿಂದಿರುಗಿದ, ಗೆರೆ ಹಾರಿದ, ಡಗೌಟಿನ ಕಡೆ ಮೂರು ಹೆಜ್ಜೆ ಇಟ್ಟ.

ಅಲ್ಲಿ ಅವನನ್ನು ಹಿಡಿಯಲು ಯಾರೂ ಇರಲಿಲ್ಲ.

ಎದುರಿಗೆ ಖಾಲಿ ಬೆಂಚು ಕಂಡಿತು. ಹೋಗಿ ಅದರ ಮುಂದೆ ನಿಂತು, ಇನ್ನು ಏನೂ ಮಾಡಲಾರದೆ, ಸುಮ್ಮನೆ ನೋಡಬೇಕು. ಏನೋ ಬಿಟ್ಟುಹೋಯಿತು, ಏನೋ ಒಂದು ಹೇಳಲಿಲ್ಲ ಎಂದು ಜೀವ ತಹತಹಿಸಿತು. ಕಾಲು ತಾನೇ ತಿರುಗಿತು. ‘ಕೋಚ್, ಬೇಡ!’ ಎಂದು ಎಫ್ರೇನ್ ಕೂಗಿ ಎರಡೂ ಕೈ ಎತ್ತಿದ. ಅಷ್ಟರಲ್ಲಿ ಲೈಲ್ ಗೆರೆ ಹಾರಿ ಒಳಗೆ ಬಂದಾಗಿತ್ತು, ದಿಬ್ಬಕ್ಕೆ ಅರ್ಧ ದಾರಿ ನಡೆದಾಗಿತ್ತು. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಅವನು ನಿಂತದ್ದು. ಕೆಳಗೆ ನೋಡಿದ. ಹಿಂದೆ ನೋಡಿದ. ಗೆರೆ ಅವನ ಬೆನ್ನ ಹಿಂದೆ ಇತ್ತು.

ಅಂಪೈರ್ ಹರ್ಬ್ ಇವನನ್ನು ಇಪ್ಪತ್ತು ವರ್ಷದಿಂದ ಬಲ್ಲವನು. ಓಡಲಿಲ್ಲ, ನಿಧಾನವಾಗಿ ನಡೆದು ಬಂದ. ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ.

‘ಲೈಲ್, ಇದು ಎರಡನೇದು.’

‘ನಾನಿನ್ನೂ ಏನೂ ಹೇಳೇ ಇಲ್ವಲ್ಲ ಹರ್ಬ್.’

‘ಹೇಳ್ಬೇಕು ಅಂತೇನಿಲ್ಲಪ್ಪ. ಬಂದ್ರೆ ಸಾಕು.’

ಎದುರಾಳಿ ಕೋಚ್ ಆಗಲೇ ಎರಡು ಬೆರಳು ಎತ್ತಿ ತೋರಿಸುತ್ತಾ ಹೊರಗೆ ಬಂದಿದ್ದ. ಅವನು ತೋರಿಸದಿದ್ದರೂ ಹರ್ಬ್ ಬಿಡುತ್ತಿರಲಿಲ್ಲ, ಬಿಡಬಾರದು ಕೂಡ. ಆರ್ಲೋ ದಿಬ್ಬದ ಮೇಲೆ ಚೆಂಡು ಹಿಡಿದು ನಿಂತಿದ್ದ. ಅವನಿಗೆ ಎಲ್ಲ ಅರ್ಥವಾಗಿತ್ತು. ಫೆಬ್ರವರಿಯ ಪಾಠವನ್ನು ನಾಲ್ಕು ಸಲ ಕೇಳಿದವನಲ್ಲವೇ? ಕೋಚ್ ಕೇಳುವ ಮೊದಲೇ ಬಂದು ಅವನ ಅಂಗೈಯಲ್ಲಿ ಚೆಂಡು ಇಟ್ಟು ಡಗೌಟಿಗೆ ನಡೆದ. ಗೆರೆಯ ಬಳಿ ಬಂದಾಗ ಅವನೂ ಹಾರಿದ.

ಶೇನ್ ಪಿಕೆಟ್ ಬಂದ. ಪಾಪ, ಹತ್ತೊಂಬತ್ತರ ಹುಡುಗ, ಮುಖ ಬಿಳಿಚಿಕೊಂಡಿತ್ತು. ಆದರೂ ಮೊದಲನೆಯವನನ್ನು ಮೂರೇ ಚೆಂಡಿನಲ್ಲಿ ಔಟ್ ಮಾಡಿದ. ನಮ್ಮ ಕಡೆಯ ತಾಯಂದಿರು ಎದ್ದು ನಿಂತರು. ಇನ್ನೊಬ್ಬ ಔಟಾದರೆ ಸಾಕು. ಡ್ವೈಟ್ ಓಡಿಬಂದು ಲೈಲ್‌ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿಯುವ ಅಗತ್ಯ ಇರಲಿಲ್ಲ, ಲೈಲ್ ಕಂಬದ ಹಾಗೆ ನಿಂತಿದ್ದ. ಮುಂದಿನವನು ಎರಡನೇ ಚೆಂಡಿಗೇ ಬೀಸಿದ. ಚೆಂಡು ಎಡಗಡೆಯವನಿಗೂ ನಡುವಿನವನಿಗೂ ಸಿಗದೆ ಇಬ್ಬರ ಮಧ್ಯದಿಂದ ಬೇಲಿಯ ತನಕ ಉರುಳಿತು. ಬೇಸಿನಲ್ಲಿದ್ದ ಇಬ್ಬರೂ ಓಡಿ ಹೋಮ್ ಪ್ಲೇಟ್ ಮುಟ್ಟಿ ಎರಡು ರನ್ ಗಳಿಸಿದರು. ಅವರು ನಾಲ್ಕು, ನಾವು ಮೂರು. ಮುಗಿಯಿತು.

ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕಿದರು. ಎದುರಾಳಿ ಕೋಚ್ ಲೈಲ್‌ನ ಕೈಯನ್ನು ಹೆಚ್ಚು ಹೊತ್ತು ಹಿಡಿದುಕೊಂಡ, ಅದು ಇನ್ನೂ ಕೆಟ್ಟದಾಗಿತ್ತು. ಮೈದಾನದ ನಡುವೆ ಹುಡುಗರನ್ನು ಸುತ್ತ ಕೂರಿಸಿಕೊಂಡು ಲೈಲ್ ನಾಲ್ಕು ಮಾತು ಆಡಿದ. ಸೋತದ್ದು ನೀವಲ್ಲ, ನಾನು ಎಂದ. ಯಾರೂ ಇಲ್ಲ ಎನ್ನಲಿಲ್ಲ. ಅವರಾದರೂ ಏನೆಂದಾರು, ಅದು ನಿಜವಾಗಿತ್ತು. ಶೇನ್ ಮಾತ್ರ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ, ಎಫ್ರೇನ್ ಅವನ ಕತ್ತಿನ ಮೇಲೆ ಕೈ ಇಟ್ಟು ಕೂತಿದ್ದ.

ಬಸ್ಸು ಒಂದು ಗಂಟೆ ಓಡಿದ ಮೇಲೆ ಹೆದ್ದಾರಿ ಬದಿಯ ಬರ್ಗರ್ ಅಂಗಡಿಯೊಂದರ ಮುಂದೆ ನಿಂತಿತು. ಇನ್ನೂ ಬಿಸಿಲಿತ್ತು. ಗೋಧಿ ಹೊಲಗಳ ಮೇಲೆ ಎಂದಿನಂತೆ ಗಾಳಿ ಹೊಡೆಯುತ್ತಿತ್ತು. ಹುಡುಗರು ಒಳಗೆ ಹೋದರು. ಲೈಲ್ ಒಳಗೆ ಹೋಗಿ, ಎಲ್ಲರಿಗೂ ಊಟ ಹೇಳಿ, ಹೊರಗೆ ಬಂದು ಬಸ್ಸಿನ ಸುತ್ತ ತಿರುಗತೊಡಗಿದ. ಕೋಚ್ ಟೈರು ನೋಡುತ್ತಿದ್ದಾರೆ ಎಂದುಕೊಂಡ ಚಾಲಕ. ಮಾರ್ಲಿಸಳಿಗೆ ಫೋನ್ ಮಾಡಬಾರದು, ಮನೆಗೆ ಹೋಗಬೇಕು, ಹೋಗಿ ಅಡುಗೆಮನೆಯಲ್ಲಿ ನಿಂತು ಹೇಳಬೇಕು. ಏನೆಂದು ಹೇಳುವುದು? ಗಾಳಿಯನ್ನು ಬೈಯುವಂತಿಲ್ಲ. ಕೈಬಿಟ್ಟ ಹುಡುಗನನ್ನು ಬೈಯುವಂತಿಲ್ಲ. ನನ್ನ ಕಾಲು ಕಣೇ, ನನ್ನ ಹಾಳು ಕಾಲು ಎನ್ನಬೇಕು. ಮೂರನೇ ಸುತ್ತಿಗೆ ಬರುವಾಗ ಆರ್ಲೋ ಬಸ್ಸಿಗೆ ಒರಗಿ ನಿಂತಿದ್ದ. ಭುಜಕ್ಕೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡಿದ್ದ, ಕರಗಿದ ನೀರು ತೋಳಿನ ಉದ್ದಕ್ಕೂ ಇಳಿಯುತ್ತಿತ್ತು.

ಬೈಯುತ್ತಾನೆ, ಬೈಯಲಿ ಎಂದುಕೊಂಡ ಲೈಲ್. ಬೈದಿದ್ದರೆ ಒಳ್ಳೆಯದೇ ಆಗುತ್ತಿತ್ತು.

‘ಕೋಚ್, ಒಂದು ಕೇಳ್ಲಾ?’

‘ಕೇಳು.’

‘ತಿರುಗಿ ಬಂದ್ರಲ್ಲ, ಏನ್ ಹೇಳೋಕೆ ಬಂದ್ರಿ?’

ದಾರಿಯುದ್ದಕ್ಕೂ ಲೈಲ್ ಅದನ್ನೇ ತನ್ನೊಳಗೆ ತಡಕಾಡಿದ್ದ. ಏನೂ ಸಿಕ್ಕಿರಲಿಲ್ಲ. ಸುಳ್ಳು ಹೇಳಬಹುದಿತ್ತು, ಗಾಳಿ ತಿರುಗಿದ್ದು ನೋಡಿದೆ ಎನ್ನಬಹುದಿತ್ತು.

‘ಏನೂ ಇರ್ಲಿಲ್ಲ ಕಣೋ’ ಎಂದ.

ಆರ್ಲೋ ನಂಬಲಿಲ್ಲ. ‘ಏನೋ ನೋಡಿರ್ತೀರಿ. ಮೊಣಕೈ ಇಳೀತಿತ್ತಾ? ಎಡಗಾಲಾ? ಆ ಪುಕ್ಕಟೆ ಬೇಸ್ ಕೊಟ್ಟಾಗ್ಲಿಂದ ಏನೋ ಕೆಟ್ಟಿತ್ತು ಅನ್ಸತ್ತೆ. ಬಸ್ಸಲ್ಲಿ ಇಷ್ಟೊತ್ತೂ ಅದನ್ನೇ ಹುಡುಕ್ತಿದ್ದೆ. ನನಗೆ ಗೊತ್ತಾಗ್ತಾ ಇಲ್ಲ. ಹೇಳ್ಬಿಡಿ, ಬೇಜಾರಿಲ್ಲ.’

ಲೈಲ್‌ಗೆ ಸೋತಾಗ ಆಗದಿದ್ದ ನೋವು ಈಗ ಆಯಿತು. ಕಪ್ ಕಳೆದುಕೊಂಡದ್ದು ತಾನು, ಆದರೆ ಈ ಹುಡುಗ ಒಂದು ಗಂಟೆಯಿಂದ ತನ್ನ ಮೊಣಕೈಯಲ್ಲಿ ತಪ್ಪು ಹುಡುಕುತ್ತಾ ಕೂತಿದ್ದಾನೆ. ಇವನೊಬ್ಬನೇ ಇರಲಾರ. ಇಪ್ಪತ್ತನಾಲ್ಕು ವರ್ಷದ ಹುಡುಗರು ಕಣ್ಣ ಮುಂದೆ ಬಂದರು. ಟ್ರಕ್ಕಿನಿಂದ ಇಳಿದು ಇಳಿದು ಹೋಗಿ ಇನ್ನೊಂದು ಮಾತು ಹೇಳಿ ಬಂದನಲ್ಲ, ಆ ಪ್ರತಿಯೊಬ್ಬ ಹುಡುಗನೂ ಅವನು ಹೋದ ಮೇಲೆ ಹೀಗೆಯೇ ಎಲ್ಲೋ ಒರಗಿ ನಿಂತು, ನನ್ನಲ್ಲಿ ಏನು ಕೆಟ್ಟಿದೆ ಎಂದು ಹುಡುಕಿರಬೇಕು. ನನ್ನ ಸಂಕಟವನ್ನು ಇಷ್ಟು ವರ್ಷ ಪರರ ಮಕ್ಕಳ ಮೈಗೆ ಇಳಿಸಿ ಬಂದೆ ಎಂದು ಅವನಿಗೆ ಮೊದಲ ಸಲ ಹೊಳೆಯಿತು.

‘ಆರ್ಲೋ, ಇಲ್ಲಿ ನೋಡು. ನಿನ್ನಲ್ಲಿ ತಪ್ಪೇನೂ ಇರ್ಲಿಲ್ಲ. ನೀನು ಚೆನ್ನಾಗಿ ಎಸೀತಿದ್ದೆ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಎಸೆದೋರನ್ನ ನಾನು ನೋಡಿಲ್ಲ. ನನಗೆ ಹೋಗಿ ಸುಮ್ನೆ ಇರೋಕೆ ಆಗ್ಲಿಲ್ಲ. ಅಷ್ಟೇ ವಿಷಯ.’

ಹೆದ್ದಾರಿಯಲ್ಲಿ ದನ ತುಂಬಿದ ಲಾರಿಯೊಂದು ಸದ್ದು ಮಾಡಿಕೊಂಡು ಹೋಯಿತು. ಆರ್ಲೋ ಕಣ್ಣು ಒರೆಸಿಕೊಂಡ.

‘ಅದನ್ನ ಮೊದಲ್ನೇ ಸಲ ಬಂದಾಗ್ಲೇ ಹೇಳ್ಬಿಟ್ಟಿದ್ರೆ ಆಗ್ತಿತ್ತಲ್ಲ ಕೋಚ್.’

ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸಣ್ಣ ವಿಷಯ ನಿಮಗೆ ಹೊಳೆಯಲಿಲ್ಲವಲ್ಲ ಎಂಬ ಆಶ್ಚರ್ಯ ಮಾತ್ರ ಇತ್ತು. ಲೈಲ್ ಹೌದು ಎಂದ. ಅದಕ್ಕೆ ಸೇರಿಸಲು ಅವನ ಬಳಿ ಏನೂ ಇರಲಿಲ್ಲ. ಆರ್ಲೋ ಒದ್ದೆ ತೋಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಊಟಕ್ಕೆ ಒಳಗೆ ಹೋದ.